ಅಡ್ಮಿಷನ್ ಟೈಮಲ್ಲಿ ನಾವೆಲ್ಲಿದ್ದೀವಿ?

2018ರಲ್ಲಿ ‘ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು’ ನೋಡಿ ಶಿಳ್ಳೆ ಹೊಡೆದವರು ನಾವೇ. ಅಡ್ಮಿಷನ್ ಬಂದಾಗ ಮಾತ್ರ, ಮನೆ ಬಾಗಿಲಿಗೆ ವ್ಯಾನ್ ಕಳಿಸೋ ಇಂಗ್ಲಿಷ್ ಮೀಡಿಯಂ ಗೆಲ್ಲುತ್ತೆ.

ಅಪ್ಪ ಅಮ್ಮಂದಿರನ್ನು ಬೈದು ಪ್ರಯೋಜನವಿಲ್ಲ. ವ್ಯಾನ್ ಇದೆಯಾ, ಶೌಚಾಲಯ ಚೊಕ್ಕ ಇದೆಯಾ, ಇಂಗ್ಲಿಷ್ ಚೆನ್ನಾಗಿ ಕಲಿಸ್ತಾರಾ ಅಂತ ಅವರು ಕೇಳ್ತಾರೆ. ಅದಕ್ಕೆ ‘ಕನ್ನಡ ಉಳಿಸಿ’ ಅನ್ನೋದು ಉತ್ತರವೇ ಅಲ್ಲ.

ಗೆಳೆಯರೇ, ನಿಮ್ಮ ಶಾಲೆಯಲ್ಲಿ ಓದಿ ನರ್ಸ್, ಎಂಜಿನಿಯರ್ ಆದವರ ಎರಡು ನಿಮಿಷದ ವಿಡಿಯೊ ಮಾಡಿ, ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೂ ಅವಕಾಶ ಇದೆ ಅಂತ ಎಷ್ಟು ಮನೆಗೆ ಗೊತ್ತು?

ಆದರೆ ಕನ್ನಡ ಬಾರದ ಟೀಚರ್ ಬಂದು ಕೂತರೆ ಯಾವ ವಿಡಿಯೊನೂ ಮಗುವನ್ನು ಉಳಿಸಿಕೊಳ್ಳಲ್ಲ, ಮರುವರ್ಷ ಟಿಸಿ ಕೇಳ್ತಾರೆ. ಸಂವಿಧಾನದ 350ಎ ವಿಧಿ ನಮ್ಮ ಕಡೆಗಿದೆ. ಜೂನ್‌ಗೆ ಮುಂಚೆ ಆ ಅರ್ಜಿ ಕೊಡೋಣ.