ನಂಬಿಕೆಯ ಹೆಸರಿನಲ್ಲಿ ಬರೆಯದೆ ಉಳಿದ ಲೆಕ್ಕ

ಕಳೆದ ತಿಂಗಳು ಒಂದು ಶುಕ್ರವಾರ ಜುಮುಅ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲಿಳಿಯುತ್ತಿದ್ದಾಗ ಹಿರಿಯರೊಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. ಅವರ ಮಗನ ಮೊಬೈಲ್ ರಿಪೇರಿಗೆ ನಾವು ಅರ್ಧ ಹಣ ಮುಂಗಡ ಕೇಳಿದ್ದೆವು, ಖರ್ಚಿನ ಅಂದಾಜನ್ನು ಬರೆದು ಕಳುಹಿಸಿ ಒಪ್ಪಿಗೆಯನ್ನೂ ಕೇಳಿದ್ದೆವು. "ಒಬ್ಬ ಮುಸ್ಲಿಮನ ಮಾತಿನ ಮೇಲೆ ಇನ್ನೊಬ್ಬ ಮುಸ್ಲಿಮನಿಗೆ ವಿಶ್ವಾಸವಿಲ್ಲದಿದ್ದರೆ ನೀವು ಕಲಿತದ್ದು ಯಾವ ದೀನ್ ಮಕ್ಕಳೇ?" ಎಂದರು. ಸುತ್ತ ನಿಂತಿದ್ದವರಲ್ಲಿ ಕೆಲವರು ಹೌದೆಂಬಂತೆ ತಲೆಯಾಡಿಸಿದರು. ಅವರ ವಯಸ್ಸಿಗೆ ಗೌರವ ಕೊಟ್ಟು ನಾವು ಅಂದು ಸುಮ್ಮನೆ ಬಂದೆವು. ಆದರೆ ಆ ಪ್ರಶ್ನೆ ಅವರೊಬ್ಬರದಲ್ಲ. ನಮ್ಮ ಸಮುದಾಯದಲ್ಲಿ ಸಣ್ಣ ವ್ಯಾಪಾರ ಮಾಡುವ ಪ್ರತಿಯೊಬ್ಬನೂ ಅದನ್ನು ಒಂದಲ್ಲ ಒಂದು ಬಗೆಯಲ್ಲಿ ಕೇಳಿಸಿಕೊಂಡಿದ್ದಾನೆ. ಆದುದರಿಂದ ಉತ್ತರವನ್ನು ಇಲ್ಲಿ ಎಲ್ಲರ ಮುಂದೆಯೇ ಕೊಡುತ್ತಿದ್ದೇವೆ.

ನಾವು ಇಬ್ಬರು ಸಹೋದರರು. ದಕ್ಷಿಣ ಕನ್ನಡದ ಒಂದು ಸಣ್ಣ ಪೇಟೆಯಲ್ಲಿ ಮೊಬೈಲ್ ರಿಪೇರಿಯೇ ನಮ್ಮ ಜೀವನೋಪಾಯ. 2020ರ ಲಾಕ್‌ಡೌನ್ ಸಡಿಲಗೊಂಡ ಬಳಿಕ, ಜನರು ಅಂಗಡಿಗೆ ಬರಲು ಇನ್ನೂ ಹಿಂಜರಿಯುತ್ತಿದ್ದ ದಿನಗಳಲ್ಲಿ, ವಾಟ್ಸ್‌ಆ್ಯಪ್ ಮೂಲಕ ಕೆಲಸ ಹಿಡಿಯತೊಡಗಿದೆವು. ಹಾಸನ, ಚಿಕ್ಕಮಗಳೂರು, ಬೆಂಗಳೂರುಗಳಿಂದ ಕೊರಿಯರ್‌ನಲ್ಲಿ ಮೊಬೈಲ್‌ಗಳು ಬರತೊಡಗಿದವು. ಒಡೆದ ಡಿಸ್‌ಪ್ಲೇ, ನೀರು ಹೋದ ಮದರ್‌ಬೋರ್ಡ್, ಕೆಟ್ಟ ಚಾರ್ಜಿಂಗ್ ಐಸಿ ಎಲ್ಲವನ್ನೂ ಸರಿಪಡಿಸಿ, ಕೊರಿಯರ್ ಖರ್ಚನ್ನೂ ನಮ್ಮ ಕೈಯಿಂದಲೇ ಹಾಕಿ ಹಿಂದಿರುಗಿಸುತ್ತಿದ್ದೆವು. ಜೊತೆಗೆ ಒಂದು ಸಂದೇಶ: ತಲುಪಿದ ಮೇಲೆ ನೋಡಿ ಸಮಾಧಾನವಾದರೆ ಹಣ ಹಾಕಿ. ಇದನ್ನು ಸದ್ಗುಣವೆಂದೇ ನಾವು ಭಾವಿಸಿದ್ದೆವು. ನಿಜ ಹೇಳಬೇಕೆಂದರೆ ಅದರಲ್ಲಿ ಸ್ವಲ್ಪ ಜಂಬವೂ ಇತ್ತು. ಪಕ್ಕದ ಅಂಗಡಿಯವನು ಮುಂಗಡ ಕೇಳುತ್ತಾನೆ, ನಾವು ಕೇಳುವುದಿಲ್ಲ ಎಂಬ ಜಂಬ.

ಬಹುಪಾಲು ಗ್ರಾಹಕರು ಪ್ರಾಮಾಣಿಕರೇ ಆಗಿದ್ದರು. ಇದನ್ನು ಮುಚ್ಚಿಟ್ಟರೆ ಅದೂ ಒಂದು ಸುಳ್ಳಾಗುತ್ತದೆ. ಆದರೆ ಡಿಸ್‌ಪ್ಲೇ ಬದಲಿಸುವ ಕೆಲಸದಲ್ಲಿ ಬಿಡಿಭಾಗದ ಬೆಲೆ ಕಳೆದರೆ ಕೈಯಲ್ಲಿ ಉಳಿಯುವುದು ಕೆಲವು ನೂರು ರೂಪಾಯಿ ಮಾತ್ರ. 4,800 ರೂಪಾಯಿಯ ಡಿಸ್‌ಪ್ಲೇ ಹಾಕಿಸಿಕೊಂಡ ಒಬ್ಬನು ಹಣ ಕೊಡದೆ ಸಂಖ್ಯೆಯನ್ನು ಬ್ಲಾಕ್ ಮಾಡಿದರೆ ಹತ್ತು ಪ್ರಾಮಾಣಿಕರಿಂದ ಬಂದ ಲಾಭ ಅಲ್ಲಿಗೇ ಮುಗಿಯಿತು. ಒಬ್ಬರು ಯುಪಿಐ ಪಾವತಿಯ ಸ್ಕ್ರೀನ್‌ಶಾಟ್ ಕಳುಹಿಸಿದರು, ನಾವು ಬ್ಯಾಂಕ್ ಖಾತೆಯನ್ನು ನೋಡದೆ ಪಾರ್ಸೆಲ್ ಕಳುಹಿಸಿದೆವು, ಹಣ ಇಂದಿಗೂ ಬಂದಿಲ್ಲ. ಇನ್ನೊಬ್ಬರು, ಕಳುಹಿಸುವಾಗ ಸ್ಪೀಕರ್ ಸರಿಯಾಗಿಯೇ ಇತ್ತು, ಹಾಳು ಮಾಡಿದವರು ನೀವೇ ಎಂದರು. ಪಾರ್ಸೆಲ್ ಬಿಚ್ಚುವಾಗ ನಾವು ಫೋಟೋ ತೆಗೆದಿರಲಿಲ್ಲ, ವಿಡಿಯೋ ಮಾಡಿರಲಿಲ್ಲ. ಅವರು ಸುಳ್ಳು ಹೇಳಿದರೋ ಅಥವಾ ನಮ್ಮ ಕೈತಪ್ಪಿನಿಂದಲೇ ಹಾಳಾಯಿತೋ ಎಂಬುದು ನಮಗೇ ಗೊತ್ತಿಲ್ಲ. ಬರೆದಿಡದೆ ಹೋದುದರ ಫಲವಾಗಿ ನಾವು ಒಬ್ಬ ಮನುಷ್ಯನ ಬಗ್ಗೆ ಕೆಟ್ಟ ಗುಮಾನಿಯನ್ನು ಹೊತ್ತು ತಿರುಗುತ್ತಿದ್ದೇವೆ, ಪ್ರಾಯಶಃ ಅವರೂ ನಮ್ಮ ಬಗ್ಗೆ ಹಾಗೆಯೇ ತಿರುಗುತ್ತಿರಬಹುದು.

ಇಷ್ಟಾದರೂ ಇದು ನಮ್ಮ ನಷ್ಟ, ನಮ್ಮ ಸಬ್ರ್ ಎಂದು ಬಿಟ್ಟುಬಿಡಬಹುದಿತ್ತು. ಹಾಗೆ ಬಿಡಲಾಗದಂತೆ ಮಾಡಿದ್ದು ಒಂದು ಈದ್‌ನ ಮುನ್ನಾದಿನ.

ನಮ್ಮಲ್ಲಿ ಕೆಲಸ ಕಲಿಯುತ್ತಲೇ ದುಡಿಯುತ್ತಿದ್ದ ಒಬ್ಬ ಹುಡುಗನಿದ್ದ. ರಮಝಾನಿನ ತಿಂಗಳಿಡೀ ಉಪವಾಸದಲ್ಲಿ ಹಾಟ್ ಏರ್ ಯಂತ್ರದ ಬಿಸಿಯ ಮುಂದೆ ಕುಳಿತು ಬೋರ್ಡುಗಳನ್ನು ಸರಿಪಡಿಸಿದ. ಚಂದ್ರದರ್ಶನವಾದ ರಾತ್ರಿ ಅವನಿಗೆ ಕೊಡಲು ನಮ್ಮ ಬಳಿ ಅರ್ಧ ಸಂಬಳ ಮಾತ್ರ ಇತ್ತು. ಉಳಿದದ್ದು ಹಬ್ಬ ಕಳೆದ ಮೇಲೆ ಎಂದೆವು. ಅವನು ಏನೂ ಹೇಳಲಿಲ್ಲ. ಹಣವನ್ನು ಎರಡು ಬಾರಿ ಎಣಿಸಿ ಜೇಬಿಗೆ ಹಾಕಿಕೊಂಡು ಹೋದ. ಅದೇ ಹೊತ್ತಿಗೆ ನಮಗೆ ಬರಬೇಕಾಗಿದ್ದ ಬಾಕಿ ಅವನ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚಿತ್ತು.

ದುಡಿದವನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ(ಸ)ರ ಆದೇಶವನ್ನು ಅರಿಯದವರು ನಮ್ಮಲ್ಲಿ ಯಾರು? ಕೂಲಿಯಾಳಿನಿಂದ ಪೂರ್ತಿ ಕೆಲಸ ತೆಗೆಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನದಂದು ಸ್ವತಃ ಅಲ್ಲಾಹನೇ ವಾದಿಸುವನೆಂದು ಬುಖಾರಿಯ ಹದೀಸ್‌ನಲ್ಲಿದೆ. ಆ ರಾತ್ರಿ ನಾವು ಆ ಎಚ್ಚರಿಕೆಯ ಯಾವ ಕಡೆ ನಿಂತಿದ್ದೆವು? ಗ್ರಾಹಕರ ಮುಂದೆ ನಾವು ಕೂಲಿ ಸಿಗದ ದುಡಿಮೆಗಾರರು, ಆ ಹುಡುಗನ ಮುಂದೆ ಕೂಲಿ ಕೊಡದ ಯಜಮಾನರು.

ಬಿಡಿಭಾಗಗಳ ವಿಷಯವೂ ಹಾಗೆಯೇ. ಬೆಂಗಳೂರಿನ ಎಸ್.ಪಿ. ರಸ್ತೆಯ ಒಬ್ಬ ವ್ಯಾಪಾರಿ ನಮಗೆ ಸಾಲದಲ್ಲಿ ಮಾಲು ಕಳುಹಿಸುತ್ತಾರೆ. ಅವರು ನಮ್ಮ ಧರ್ಮದವರಲ್ಲ. ಅವರು ನಮ್ಮನ್ನು ನಂಬಿದ್ದು ನಮ್ಮ ಗಡ್ಡ, ಟೋಪಿಗಳನ್ನು ನೋಡಿಯಲ್ಲ, ಹೇಳಿದ ತಾರೀಕಿಗೆ ಹಣ ತಲುಪುತ್ತಿದ್ದುದನ್ನು ನೋಡಿ. ಆದರೂ ಒಂದು ಸಣ್ಣ ಚಾರ್ಜಿಂಗ್ ಪೋರ್ಟನ್ನೂ ಬಿಲ್ಲು ಬರೆಯದೆ ಕಳುಹಿಸಿದವರಲ್ಲ. ಅದರಿಂದ ನಮಗೆ ಎಂದಾದರೂ ಅವಮಾನವಾಗಿದೆಯೇ? ಇಲ್ಲ. ಹಾಗಿದ್ದರೆ ನಮ್ಮವರ ನಡುವೆ ಮಾತ್ರ ಒಂದು ಚೀಟಿ ಅವಮಾನವಾಗುವುದೇಕೆ?

ಈಗ ಆ ಹಿರಿಯರ ಪ್ರಶ್ನೆಗೆ ಬರೋಣ. ಪವಿತ್ರ ಕುರ್‌ಆನ್‌ನ ಅತ್ಯಂತ ದೀರ್ಘವಾದ ಸೂಕ್ತ ಯಾವ ವಿಷಯದ ಕುರಿತದ್ದು? ನಮಾಝಿನ ಕುರಿತಲ್ಲ, ಉಪವಾಸದ ಕುರಿತಲ್ಲ. ಸೂರಃ ಅಲ್‌ಬಕರದ 282ನೆಯ ಆ ಸೂಕ್ತವು ಸಾಲದ ವ್ಯವಹಾರವನ್ನು ಬರೆದಿಡುವುದರ ಕುರಿತದ್ದು. ಬರೆಯುವವನು ನ್ಯಾಯದಿಂದ ಬರೆಯಬೇಕು, ಹೊಣೆ ಹೊತ್ತವನೇ ಹೇಳಿ ಬರೆಸಬೇಕು, ಸಾಕ್ಷಿಗಳಿರಬೇಕು, ಮೊತ್ತ ಸಣ್ಣದಾಗಲಿ ದೊಡ್ಡದಾಗಲಿ ಬರೆಯಲು ಬೇಸರಿಸಬಾರದು. ಇದನ್ನು ಯಾರಿಗೆ ಹೇಳಲಾಯಿತು? ಸತ್ಯವಿಶ್ವಾಸಿಗಳಿಗೆ. ಈ ಸೂಕ್ತವನ್ನು ಮೊದಲು ಆಲಿಸಿದವರು ಪ್ರವಾದಿ(ಸ)ರ ಸಂಗಾತಿಗಳು. ಬರಿಯ ಬಾಯಿಮಾತು ಸಾಕಾಗುವ ಒಂದು ಸಮಾಜ ಭೂಮಿಯ ಮೇಲೆ ಇದ್ದಿದ್ದರೆ ಅದು ಮದೀನದ ಆ ಸಮಾಜವೇ ಆಗಿತ್ತು. ಅವರಿಗೇ ಬರೆದಿಡಿರೆಂದು ಆಜ್ಞಾಪಿಸಲಾಗಿದ್ದರೆ, ನಮ್ಮ ಪೇಟೆಯ ನಾವು ಅವರಿಗಿಂತ ಮೇಲಿನವರೇ?

ಅಲ್ಲೇ ಒಂದು ವಿನಾಯಿತಿಯೂ ಇದೆ. ಕೈಯಿಂದ ಕೈಗೆ ನಡೆಯುವ ನಗದು ವ್ಯಾಪಾರವನ್ನು ಬರೆಯದಿದ್ದರೆ ದೋಷವಿಲ್ಲ. ಮೊಬೈಲ್ ಚಿಕ್ಕಮಗಳೂರಿನಿಂದ ಇಲ್ಲಿಗೆ ಬಂದು, ಒಂದು ವಾರ ನಮ್ಮ ಮೇಜಿನ ಮೇಲಿದ್ದು, ಹಿಂದಿರುಗಿ ಹೋದ ಮೇಲೆ ಹಣ ಬರುವ ವ್ಯವಹಾರವು ಕೈಯಿಂದ ಕೈಗೆ ನಡೆಯುವುದಲ್ಲ ಎಂಬುದನ್ನು ವಿವರಿಸಬೇಕಾಗಿಲ್ಲ.

ಕೆಲವು ವಿದ್ಯಾವಂತರು ಮುಂದಿನ ಸೂಕ್ತವನ್ನು ಎತ್ತುತ್ತಾರೆ. ಪರಸ್ಪರ ವಿಶ್ವಾಸವಿದ್ದರೆ ಅಡವಿಲ್ಲದೆಯೂ ವ್ಯವಹರಿಸಬಹುದೆಂದು 283ನೆಯ ಸೂಕ್ತದಲ್ಲಿದೆಯಲ್ಲವೇ ಎನ್ನುತ್ತಾರೆ. ಇದೆ. ಆದರೆ ಅದನ್ನು ಪೂರ್ತಿ ಓದಬೇಕು. ಆ ಅವಕಾಶವನ್ನು ಕೊಟ್ಟ ಮರುಕ್ಷಣವೇ ವಿಶ್ವಾಸಕ್ಕೆ ಪಾತ್ರನಾದವನು ಅಲ್ಲಾಹನನ್ನು ಭಯಪಟ್ಟು ಅಮಾನತ್ ಸಲ್ಲಿಸಬೇಕೆಂಬ ಹೊರೆಯನ್ನು ಅವನ ತಲೆಯ ಮೇಲಿಡಲಾಗಿದೆ. ಮೊದಲರ್ಧ ನಮ್ಮವರ ನಾಲಗೆಯ ತುದಿಯಲ್ಲಿದೆ, ಉತ್ತರಾರ್ಧ ಮಾತ್ರ ಯಾರಿಗೂ ನೆನಪಿಲ್ಲ. ಅದಲ್ಲದೆ, ತನ್ನ ಹಕ್ಕನ್ನು ಬರೆಸದೆ ಬಿಡುವ ಸ್ವಾತಂತ್ರ್ಯ ಹಣ ಯಾರದೋ ಅವರಿಗೆ ಇರುತ್ತದೆ. ನಾವು ಧಾರಾಳವಾಗಿ ಬಿಟ್ಟುಕೊಟ್ಟ ಹಣದಲ್ಲಿ ಆ ಹುಡುಗನ ಸಂಬಳವಿತ್ತು, ಎಸ್.ಪಿ. ರಸ್ತೆಯ ವ್ಯಾಪಾರಿಯ ಮಾಲಿನ ಬೆಲೆಯಿತ್ತು. ಪರರ ಹಣದಲ್ಲಿ ಔದಾರ್ಯ ತೋರಿಸುವ ಅಧಿಕಾರವನ್ನು ನಮಗೆ ಯಾರು ಕೊಟ್ಟಿದ್ದರು?

ಅವಮಾನದ ಮಾತಿಗೆ ಇನ್ನೊಂದು ಉತ್ತರ. ಪ್ರವಾದಿವರ್ಯ(ಸ)ರು ತಮ್ಮ ಮನೆಗೆ ಬೇಕಾದ ಜವೆಗೋಧಿಗಾಗಿ ಮದೀನದ ಒಬ್ಬ ಯಹೂದಿಯ ಬಳಿ ತಮ್ಮ ಯುದ್ಧಕವಚವನ್ನು ಅಡವಿಟ್ಟಿದ್ದರು. ಅವರು ವಫಾತ್ ಆದಾಗಲೂ ಆ ಕವಚ ಅಡವಿನಲ್ಲೇ ಇತ್ತು. ಅಲ್‌ಅಮೀನ್ ಎಂದು ಮಕ್ಕಾದ ವಿರೋಧಿಗಳೂ ಕರೆದಿದ್ದ ವ್ಯಕ್ತಿಗೆ ಅಡವಿಡುವುದರಲ್ಲಿ ಅವಮಾನ ಕಾಣಲಿಲ್ಲ. ನಮ್ಮವರಿಗೆ 500 ರೂಪಾಯಿ ಮುಂಗಡದಲ್ಲಿ ಕಾಣುತ್ತದೆ.

ಇಲ್ಲೊಂದು ದೂರನ್ನೂ ಹೇಳಲೇಬೇಕು. ತೂಕದಲ್ಲಿ ಮೋಸ ಮಾಡುವ ವ್ಯಾಪಾರಿಯ ಕುರಿತು ಮಿಂಬರಿನಿಂದ ನಾವು ಎಷ್ಟೋ ಖುತ್ಬಾಗಳನ್ನು ಆಲಿಸಿದ್ದೇವೆ, ಸರಿಯಾದುದೇ. ಆದರೆ ಮುತಫ್ಫಿಫೀನ್ ಸೂರಃ ಆರಂಭವಾಗುವುದು ಪಡೆಯುವಾಗ ಪೂರ್ತಿ ಪಡೆದು, ಕೊಡುವಾಗ ಕಡಿಮೆ ಕೊಡುವವರ ವಿನಾಶದಿಂದ. ಗ್ರಾಹಕನು ಅದರಿಂದ ಹೊರಗಿದ್ದಾನೆಯೇ? ಹಣವಿದ್ದೂ ಕೊಡಲು ತಡಮಾಡುವುದು ಅಕ್ರಮವೆಂದು ಪ್ರವಾದಿ(ಸ)ರು ಸ್ಪಷ್ಟವಾಗಿ ಹೇಳಿದ್ದಾರೆ. ಮೂರು ದೀನಾರ್ ಸಾಲ ಉಳಿಸಿಹೋದ ಒಬ್ಬರ ಜನಾಝ ನಮಾಝನ್ನು ತಾವು ನಿರ್ವಹಿಸಲು ಒಪ್ಪದೆ, ಅಬೂ ಕತಾದ(ರ) ಆ ಸಾಲದ ಹೊಣೆ ಹೊತ್ತ ಬಳಿಕವೇ ನಿರ್ವಹಿಸಿದರು. ಹೊಸ ಮೊಬೈಲ್‌ನಲ್ಲಿ ಉಮ್ರಾದ ಫೋಟೋಗಳನ್ನು ಸ್ಟೇಟಸ್‌ಗೆ ಹಾಕುತ್ತಾ ಹಳೆಯ ಮೊಬೈಲ್‌ನ ರಿಪೇರಿ ಹಣವನ್ನು ಮರೆತವರಿಗೆ ಈ ಹದೀಸನ್ನು ಯಾರಾದರೂ ಒಂದು ಶುಕ್ರವಾರ ನೆನಪಿಸಬಾರದೇ?

ನಿಜವಾಗಿ ಕಷ್ಟದಲ್ಲಿರುವವರ ವಿಷಯ ಬೇರೆ. ಸಾಲಗಾರನು ಇಕ್ಕಟ್ಟಿನಲ್ಲಿದ್ದರೆ ಅನುಕೂಲವಾಗುವ ತನಕ ಕಾಲಾವಕಾಶ ಕೊಡಬೇಕು, ಬಿಟ್ಟುಬಿಟ್ಟರೆ ಅದು ಇನ್ನೂ ಉತ್ತಮ ಎಂಬುದು ಅದೇ ಸೂರಃದ 280ನೆಯ ಸೂಕ್ತದ ಬೋಧನೆ. ಮಗಳ ಆನ್‌ಲೈನ್ ತರಗತಿಗಾಗಿ ಒಂದೇ ಮೊಬೈಲ್ ಇದ್ದ ಒಬ್ಬ ವಿಧವೆ ತಾಯಿ ಫೋನ್ ಮಾಡಿ, ಈ ತಿಂಗಳು ಆಗುವುದಿಲ್ಲ ಮಗನೇ ಎಂದಿದ್ದರು. ಆ ಲೆಕ್ಕವನ್ನು ನಾವು ಅಂದೇ ಹರಿದು ಹಾಕಿದೆವು. ಆ ಒಂದು ಮಾತನ್ನೂ ಹೇಳದೆ ಮಾಯವಾದವರೊಂದಿಗೆ ಆ ತಾಯಿಯನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು.

ನಮ್ಮ ಕಸುಬಿನವರ ಮೇಲಿನ ಸಂಶಯವೂ ಗಾಳಿಯಿಂದ ಹುಟ್ಟಿದ್ದಲ್ಲ. ಒರಿಜಿನಲ್ ಎಂದು ಹೇಳಿ ಕಾಪಿ ಡಿಸ್‌ಪ್ಲೇ ಹಾಕುವವರಿದ್ದಾರೆ, ಒಳ್ಳೆಯ ಬಿಡಿಭಾಗವನ್ನು ಕಳಚಿಕೊಂಡು ಹಳೆಯದನ್ನು ಕೂರಿಸುವವರಿದ್ದಾರೆ, ರಿಪೇರಿಗೆ ಬಂದ ಮೊಬೈಲ್‌ನಲ್ಲಿ ಮನೆಯವರ ಫೋಟೋಗಳನ್ನು ಇಣುಕಿ ನೋಡುವ ನೀಚರೂ ಇದ್ದಾರೆ. ಆದುದರಿಂದಲೇ ಚೀಟಿ ಗ್ರಾಹಕನ ರಕ್ಷಣೆಗೂ ಬೇಕು. ಈಗ ಪಾರ್ಸೆಲ್ ಬಿಚ್ಚುವುದನ್ನು ವಿಡಿಯೋ ಮಾಡಿ ಕಳುಹಿಸುತ್ತೇವೆ. ದೋಷ ಯಾವುದು, ಹಾಕುವ ಭಾಗ ಯಾವ ದರ್ಜೆಯದು, ಒಟ್ಟು ಎಷ್ಟಾಗುತ್ತದೆ ಎಂಬುದನ್ನು ಬರೆದು ಒಪ್ಪಿಗೆ ಬಂದ ಮೇಲೆಯೇ ಸ್ಕ್ರೂ ಬಿಚ್ಚುತ್ತೇವೆ. ತೆಗೆದ ಹಳೆಯ ಭಾಗವನ್ನು ಜೊತೆಗಿಟ್ಟು ಕಳುಹಿಸುತ್ತೇವೆ. ಉಳಿದ ಹಣ ಖಾತೆಗೆ ಬಿದ್ದುದನ್ನು ನಾವೇ ನೋಡಿದ ಬಳಿಕ ಪಾರ್ಸೆಲ್ ಹೊರಡುತ್ತದೆ. 15 ಅಂಕಿಗಳ ಐಎಂಇಐ ಸಂಖ್ಯೆಯನ್ನು ಸರಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಪರಿಶೀಲಿಸುತ್ತೇವೆ. ಕದ್ದ ಮಾಲೆಂದು ತಿಳಿದೂ ಇಟ್ಟುಕೊಳ್ಳುವುದು ಅಪರಾಧ, ಮತ್ತು ಯಾರನ್ನೂ ಏನನ್ನೂ ಕೇಳದ ಅಂಗಡಿಯನ್ನು ಕಳ್ಳರು ಬಹುಬೇಗ ಪತ್ತೆಹಚ್ಚುತ್ತಾರೆ.

ಹಣ ಕೈಸೇರುವ ತನಕ ರಿಪೇರಿ ಮಾಡಿದ ವಸ್ತುವನ್ನು ಇಟ್ಟುಕೊಳ್ಳುವುದು ದಬ್ಬಾಳಿಕೆಯೆಂದು ಕೆಲವರು ಸಿಟ್ಟಾಗುತ್ತಾರೆ. ಬಟ್ಟೆಗೆ ಬಣ್ಣ ಹಾಕುವವನಂತಹ ಕಸುಬುದಾರನು, ತನ್ನ ಕೆಲಸದ ಗುರುತು ವಸ್ತುವಿನಲ್ಲಿ ಉಳಿದಿದ್ದರೆ, ಕೂಲಿ ಸಿಗುವ ತನಕ ಅದನ್ನು ತಡೆದಿಟ್ಟುಕೊಳ್ಳಬಹುದೆಂದು ಹನಫೀ ಫಿಕ್ಹ್‌ನ ವಿದ್ವಾಂಸರು ಹೇಳಿದ್ದಾರೆ. 1872ರ ಭಾರತೀಯ ಕರಾರು ಕಾಯ್ದೆಯ 170ನೆಯ ಕಲಮೂ, ಬೇರೆ ಒಪ್ಪಂದವಿಲ್ಲದಿದ್ದರೆ, ಇದೇ ಹಕ್ಕನ್ನು ಕೊಡುತ್ತದೆ. ತಡೆದಿಟ್ಟುಕೊಳ್ಳುವ ಹಕ್ಕು ಮಾತ್ರ, ಮಾರಿಬಿಡುವ ಹಕ್ಕನ್ನಲ್ಲ. ವಾರಸುದಾರರು ಬಾರದ ಏಳು ಮೊಬೈಲ್‌ಗಳು ನಮ್ಮ ಕಪಾಟಿನಲ್ಲಿ ಹೆಸರು ಬರೆದ ಲಕೋಟೆಗಳಲ್ಲಿ ಕುಳಿತಿವೆ. ಅವು ಅಮಾನತ್.

ಈ ಬದಲಾವಣೆಯಿಂದ ಕೆಲವು ಗ್ರಾಹಕರು ನಮ್ಮನ್ನು ಬಿಟ್ಟುಹೋದರು, ಕೆಲವರು ಬೈದು ಹೋದರು. ಆ ಹಿರಿಯರ ಮಗ ಮರುದಿನವೇ ಬಂದು ಮುಂಗಡ ಕೊಟ್ಟು, ಅಂದಾಜಿಗೆ ಒಪ್ಪಿ, ಬಾಪಾನಿಗೆ ಹೇಳಬೇಡಿ ಎಂದು ನಕ್ಕು ಹೋದ.

ನಮ್ಮ ಹಳೆಯ ವಾಟ್ಸ್‌ಆ್ಯಪ್ ಸಂದೇಶಗಳನ್ನು ಕೆದಕಿ, ನೆನಪಿದ್ದಷ್ಟನ್ನು ಒಂದು ನೋಟ್‌ಬುಕ್‌ನಲ್ಲಿ ಈಗ ಬರೆದಿದ್ದೇವೆ. ಯಾರ ಹೆಸರನ್ನೂ ಎಲ್ಲಿಯೂ ಹೇಳುವುದಿಲ್ಲ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಕೈಲಾಗದಿದ್ದರೆ ಒಂದು ಮಾತು ತಿಳಿಸಿರಿ, ಆ ಸಾಲಿನ ಮೇಲೆ ಗೆರೆ ಎಳೆಯುತ್ತೇವೆ. ಕೈಲಾಗುವುದಾದರೆ ನಮ್ಮ ಸಂಖ್ಯೆ ಬದಲಾಗಿಲ್ಲ. ಹುಡುಗನಿಗೆ ಉಳಿದರ್ಧ ಸಂಬಳವನ್ನು ಹಬ್ಬ ಕಳೆದು ಹತ್ತೊಂಬತ್ತು ದಿನಗಳ ಬಳಿಕ ಕೊಟ್ಟೆವು. ಅವನು ಈಗ ನಮ್ಮಲ್ಲಿಲ್ಲ.