ಮೇಸ್ತ್ರಿ ಪರಿಚಯದವರೇ, ಆದ್ರೂ ಬರೆಸಿಕೊಳ್ಳಿ

(1/5)
ನಿಮ್ಮನೇಲಿ ಈ ವರ್ಷ ಬಾತ್‌ರೂಮ್ ಒಡೆದು ಹೊಸದಾಗಿ ಮಾಡಿಸೋಣ, ಕಿಚನ್ ದೊಡ್ಡದು ಮಾಡಿಸೋಣ ಅಂತ ಮಾತು ನಡೀತಿದ್ಯಾ? ಹಾಗಿದ್ರೆ ಈ ಐದು ಪೋಸ್ಟ್ ನಿಮಗೇ. "ಅದೆಲ್ಲ ಅಪ್ಪ ನೋಡ್ಕೋತಾರೆ" ಅಂತ ಸ್ಕ್ರಾಲ್ ಮಾಡ್ಬೇಡಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಕಂಟ್ರಾಕ್ಟರ್ ಹುಡುಕುವಾಗ ನಮ್ಮ ಮನೆಗಳಲ್ಲಿ ಕೇಳೋದು ಎರಡೇ ಪ್ರಶ್ನೆ. "ಯಾರ ಕಡೆಯವರು?" "ರೇಟ್ ಎಷ್ಟು?" ಎರಡೂ ಬೇಕು, ಆದ್ರೆ ಸಾಲದು. ಮೂರನೇ ಪ್ರಶ್ನೆ ಕೇಳಲೇಬೇಕು: "ಏನೇನು ಮಾಡ್ತೀರಿ, ಯಾವ ಹಂತಕ್ಕೆ ಎಷ್ಟು ದುಡ್ಡು, ಬರೆದು ಕೊಡ್ತೀರಾ?" ಇದಕ್ಕೆ ಹೂಂ ಅಂದವರಿಗೆ ಕೆಲಸ ಕೊಡಿ, ರೇಟ್ ಸ್ವಲ್ಪ ಜಾಸ್ತಿ ಆದ್ರೂ ಪರವಾಗಿಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಕಟ್ಟಿದ ಮನೇನ ಒಡೆದು ಕಟ್ಟೋದು ಇನ್ನೂ ಕಷ್ಟ. ಹೊಸ ಮನೆ ಕೆಲಸ ನಿಂತ್ರೆ ಬಾಡಿಗೆ ಮನೇಲಿ ಇನ್ನೆರಡು ತಿಂಗಳು ಇರ್ತೀರಿ. ಇರೋ ಒಂದೇ ಬಾತ್‌ರೂಮ್ ಒಡೆದ ಮೇಲೆ ಕೆಲಸ ನಿಂತ್ರೆ? ಅಜ್ಜಿ ಸ್ನಾನಕ್ಕೆ ಪಕ್ಕದ ಮನೆ ಮೆಟ್ಟಿಲು ಹತ್ತಬೇಕು. ಆ ಟೈಮಲ್ಲಿ ಮೇಸ್ತ್ರಿ ಕೇಳಿದಷ್ಟು ಕೊಡದೆ ಬೇರೆ ದಾರಿ ಇರಲ್ಲ. ಕೊಡೋ ದುಡ್ಡಾದ್ರೂ ಎಲ್ಲಿಂದ ಬರುತ್ತೆ? ಅಪ್ಪನ ಪಿಎಫ್, ಅಮ್ಮನ ಚೀಟಿ, ಇಲ್ಲಾಂದ್ರೆ ಒಡವೆ ಮೇಲಿನ ಸಾಲ. ಹಾಗಾಗಿ ಚೌಕಾಸಿ, ಪ್ರಶ್ನೆ, ಜಗಳ ಎಲ್ಲಾ ಮೊದಲ ಸುತ್ತಿಗೆ ಏಟು ಬೀಳೋದಕ್ಕಿಂತ ಮುಂಚೆ ಮುಗಿಯಬೇಕು.

(2/5) ಕೊಟೇಷನ್
ಕಡಿಮೆ ಕೊಟೇಷನ್ ಅಂದ್ರೆ ಕಡಿಮೆ ಖರ್ಚು ಅಲ್ಲ. ಒಂದು ಲೆಕ್ಕ ನೋಡಿ, ಇದು ಬರೀ ಉದಾಹರಣೆ.

ಮೊದಲನೆಯವರು ಒಂದೇ ಸಾಲು ಬರೆದಿದ್ದಾರೆ: "ಬಾತ್‌ರೂಮ್ ಕೆಲಸ, ಒಟ್ಟು 1,40,000." ಎರಡನೆಯವರು ಒಂದು ಪುಟ ಬರೆದು 1,75,000 ಅಂದಿದ್ದಾರೆ. ಮನೇಲಿ ಎಲ್ಲರೂ ಮೊದಲನೆಯವರ ಕಡೆ ವಾಲ್ತಾರೆ. ಕೆಲಸ ಶುರುವಾದ ಮೇಲೆ ಗೊತ್ತಾಗುತ್ತೆ, ಒಡೆದ ಕಲ್ಲು-ಮಣ್ಣು ಸಾಗಿಸೋಕೆ 8,000 ಬೇರೆ, ವಾಟರ್‌ಪ್ರೂಫಿಂಗ್‌ಗೆ 22,000 ಬೇರೆ, ಹಳೇ ಪೈಪ್ ಬದಲಿಸೋಕೆ 18,000 ಬೇರೆ. ಒಟ್ಟು 1,88,000. ಮೊದಲನೆಯವರು ಸುಳ್ಳು ಹೇಳಿಲ್ಲ, ಬರೆದಿಲ್ಲ ಅಷ್ಟೇ. ನೀವೂ ಕೇಳಿಲ್ಲ.

ಅದಕ್ಕೇ ಮೂರು ಜನರ ಹತ್ರ ಕೊಟೇಷನ್ ತಗೊಳ್ಳಿ, ಆದ್ರೆ ಮೂವರಿಗೂ ಒಂದೇ ಪಟ್ಟಿ ಕೊಡಿ. ಒಡೆಯೋದು, ಸಾಗಿಸೋದು, ಪೈಪ್ (ಬಿಸಿನೀರಿಗೆ ಸಿಪಿವಿಸಿ ಅಂತ ಹೆಸರು ಹಾಕಿ), ವೈರಿಂಗ್, ವಾಟರ್‌ಪ್ರೂಫಿಂಗ್, ಟೈಲ್ಸ್ ಹಾಕೋ ಕೂಲಿ, ಟೈಲ್ಸ್ ಬೆಲೆ, ನಲ್ಲಿ-ಕಮೋಡ್ ಯಾರು ತರ್ತಾರೆ, ಯಾವ ಕಂಪನಿದು. ಪ್ರತಿ ಸಾಲಿನ ಮುಂದೆ ರೇಟ್. ಈಗ ಮೂರನ್ನೂ ಒಂದೇ ಶೀಟಲ್ಲಿ ಪಕ್ಕಪಕ್ಕ ಹಾಕಿ ನೋಡಿ. ಎಕ್ಸೆಲ್ ಕ್ಲಾಸ್‌ನಲ್ಲಿ ಕಲಿತಿದ್ದು ಕೊನೆಗೂ ಮನೆಗೆ ಉಪಯೋಗಕ್ಕೆ ಬರುತ್ತೆ.

(3/5) ಅಡ್ವಾನ್ಸ್
ಇದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ನಿಮ್ಮ ದುಡ್ಡು ಯಾವತ್ತೂ ಕೆಲಸಕ್ಕಿಂತ ಮುಂದೆ ಹೋಗಬಾರದು.

3 ಲಕ್ಷದ ಕೆಲಸಕ್ಕೆ ಅರ್ಧ ಅಡ್ವಾನ್ಸ್ ಕೊಟ್ರಿ ಅನ್ಕೊಳ್ಳಿ. 1,50,000 ಅವರ ಕೈಲಿ, ನಿಮ್ಮನೇಲಿ ಆಗಿರೋದು ಬರೀ ಒಡೆಯೋ ಕೆಲಸ. ಅವರಿಗೆ ಇನ್ನೊಂದು ಕಡೆ ಹೊಸ ಕೆಲಸ ಸಿಕ್ತು ಅಂದ್ರೆ ಆಳುಗಳು ಅಲ್ಲಿಗೆ ಹೋಗ್ತಾರೆ. ನೀವು ಫೋನ್ ಮಾಡ್ತಾ ಕೂರ್ತೀರಿ.

ಹಾಗಂತ "ಎಲ್ಲಾ ಮುಗಿದ ಮೇಲೆ ಕೊಡ್ತೀವಿ" ಅನ್ನೋದೂ ತಪ್ಪು. ಮೇಸ್ತ್ರಿಗೆ ಶನಿವಾರ ಬಂದ್ರೆ ಆಳುಗಳ ಬಟವಾಡೆ ಮಾಡಬೇಕು. ಗಾರೆಯವರು, ಹೆಲ್ಪರ್‌ಗಳು ಆ ದುಡ್ಡಲ್ಲೇ ರೇಷನ್ ತರ್ತಾರೆ. ಅವರ ಕೂಲಿ ಇಟ್ಕೊಂಡು ನಮ್ಮನೆ ಚಂದ ಮಾಡಿಸ್ಕೊಳ್ಳೋದು ಸರಿಯಲ್ಲ.

ಎರಡಕ್ಕೂ ನಡುವಿನ ದಾರಿ ಹಂತಹಂತವಾಗಿ ಕೊಡೋದು. ಉದಾಹರಣೆಗೆ: ಶುರುವಿಗೆ 10%, ಒಡೆದು ಪೈಪ್ ಲೈನ್ ಎಳೆದ ಮೇಲೆ 25%, ವಾಟರ್‌ಪ್ರೂಫಿಂಗ್ ಮುಗಿದು ಪರೀಕ್ಷೆ ಆದ ಮೇಲೆ 25%, ಟೈಲ್ಸ್ ಮುಗಿದ ಮೇಲೆ 30%. ಉಳಿದ 10% ಎಲ್ಲಾ ಬಳಸಿ ನೋಡಿ, ಒಂದು ತಿಂಗಳಾದ ಮೇಲೆ. ದೊಡ್ಡ ದೊಡ್ಡ ಕಾಮಗಾರಿಗಳಲ್ಲೂ ಹೀಗೆ ಸ್ವಲ್ಪ ದುಡ್ಡು ಹಿಡಿದಿಟ್ಕೋತಾರೆ, ಅದಕ್ಕೆ ರಿಟೆನ್ಷನ್ ಮನಿ ಅಂತಾರೆ. ಸಾಮಾನು ತರೋಕೆ ಜಾಸ್ತಿ ದುಡ್ಡು ಬೇಕು ಅಂದ್ರೆ ನೀವೇ ಅಂಗಡಿಗೆ ಹೋಗಿ ಕೊಟ್ಟು ಬಿಲ್ ತಗೊಳ್ಳಿ.

ಪರೀಕ್ಷೆ ಅಂದೆನಲ್ಲ, ಅದು ಸುಲಭ. ಟೈಲ್ಸ್ ಹಾಕೋ ಮುಂಚೆ ಬಾತ್‌ರೂಮಿನ ನೀರು ಹೋಗೋ ಜಾಗ ಮುಚ್ಚಿ, ನೀರು ನಿಲ್ಲಿಸಿ, 24ರಿಂದ 48 ಗಂಟೆ ಬಿಡಿ. ಕೆಳಗಿನ ಸೀಲಿಂಗ್‌ನಲ್ಲಿ ತೇವ ಕಾಣ್ತಾ? ಆಗಲೇ ಸರಿ ಮಾಡಿಸಿ. ಟೈಲ್ಸ್ ಹಾಕಿದ ಮೇಲೆ ಗೊತ್ತಾದ್ರೆ ಟೈಲ್ಸೂ ಹೋಯ್ತು, ದುಡ್ಡೂ ಹೋಯ್ತು. ಗೋಡೆ ಮುಚ್ಚೋ ಮುಂಚೆ ಪೈಪ್‌ಗಳ ಪಕ್ಕ ಟೇಪ್ ಹಿಡಿದು ಫೋಟೋ ತೆಗೆದಿಡಿ. ಮುಂದೆ ಕನ್ನಡಿ ಹಾಕೋಕೆ ಡ್ರಿಲ್ ಮಾಡುವಾಗ ಆ ಫೋಟೋನೇ ಕಾಪಾಡುತ್ತೆ.

(4/5) ಆಳು ನೋಡೋದು ಹೇಗೆ
ರೀಲ್ ನೋಡಿ ಕಂಟ್ರಾಕ್ಟರ್ ಆರಿಸ್ಬೇಡಿ. ಮೊನ್ನೆ ಮುಗಿಸಿದ ಬಾತ್‌ರೂಮ್ ಎಲ್ಲರದ್ದೂ ಹೊಳೆಯುತ್ತೆ. ಒಂದು ಮಳೆಗಾಲ ಕಳೆದ ಮನೆ ತೋರಿಸಿ ಅನ್ನಿ. ಹೋಗಿ ಮೂಲೆ ನೋಡಿ, ಆ ಮನೆಯವರನ್ನ ಎರಡೇ ಮಾತು ಕೇಳಿ: ಹೇಳಿದ ಟೈಮಿಗೆ ಮುಗಿಸಿದ್ರಾ? ಮುಗಿದ ಮೇಲೆ ಫೋನ್ ಮಾಡಿದ್ರೆ ಬಂದ್ರಾ?

ಅವರು ನಿಮ್ಮನ್ನ ಏನು ಕೇಳ್ತಾರೆ ಅನ್ನೋದನ್ನೂ ಗಮನಿಸಿ. ಹಾಲ್ ಮತ್ತು ಕಿಚನ್ ಮಧ್ಯದ ಗೋಡೆ ತೆಗೆದು ಓಪನ್ ಕಿಚನ್ ಮಾಡ್ಬೇಕು ಅಂದಾಗ "ಒಡೆಯೋಣ ಬಿಡಿ ಸಾರ್" ಅಂತ ತಕ್ಷಣ ಅಂದ್ರೆ ಹುಷಾರು. ಪಿಲ್ಲರ್ ಇಲ್ಲದೆ ಇಟ್ಟಿಗೆ, ಸೈಜುಗಲ್ಲಲ್ಲಿ ಕಟ್ಟಿದ ಹಳೇ ಮನೆಗಳಲ್ಲಿ ಗೋಡೆ ಮೇಲೇನೇ ತಾರಸಿ ಕೂತಿರುತ್ತೆ. "ಮೊದಲು ಇಂಜಿನಿಯರ್‌ಗೆ ತೋರಿಸಿ" ಅಂತ ಹೇಳೋರು ಒಂದು ವಾರ ತಡ ಮಾಡಿಸಬಹುದು, ಆದ್ರೆ ಮನೆ ಉಳಿಸ್ತಾರೆ.

ಜಿಎಸ್‌ಟಿ ವಿಷಯ, ಕಾಮರ್ಸ್‌ನವರು ಇಲ್ಲಿ ಕಿವಿ ಕೊಡಿ. ಸೇವೆ ಕೊಡೋರ ವಾರ್ಷಿಕ ವಹಿವಾಟು 20 ಲಕ್ಷ ದಾಟದಿದ್ರೆ ಸಾಮಾನ್ಯವಾಗಿ ರಿಜಿಸ್ಟ್ರೇಷನ್ ಬೇಕಿಲ್ಲ. ಹಾಗಾಗಿ ಸಣ್ಣ ಮೇಸ್ತ್ರಿ ಹತ್ರ ನಂಬರ್ ಇಲ್ಲ ಅಂದ್ರೆ ಮೋಸಗಾರ ಅಂತ ಅಲ್ಲ. ಆದ್ರೆ ನಂಬರ್ ಇಲ್ಲದೆ ಜಿಎಸ್‌ಟಿ ಅಂತ ದುಡ್ಡು ಕೇಳಿದ್ರೆ ಅದು ಮೋಸ. ನಂಬರ್ ಕೊಟ್ರೆ ನೋಡಿ: 15 ಅಕ್ಷರ-ಅಂಕಿ, ಕರ್ನಾಟಕದ್ದಾದ್ರೆ 29ರಿಂದ ಶುರು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದ್ರೆ ಹೆಸರು ಬರುತ್ತೆ, ದುಡ್ಡು ಕೊಡಬೇಕಿಲ್ಲ.

(5/5) "ಬರೆಸ್ಕೊಂಡ್ರೆ ಬೇಜಾರ್ ಮಾಡ್ಕೋತಾರೆ"
ಮನೇಲಿ ಹೇಳೋ ಕೊನೇ ಮಾತು ಇದೇ. "ಹತ್ತು ವರ್ಷದ ಪರಿಚಯ, ಅವರ ಹತ್ರ ಹೇಗೆ ಸಹಿ ಕೇಳೋದು?" ನಾನು ಹೇಳೋದು, ಪರಿಚಯ ಉಳೀಬೇಕು ಅಂತಿದ್ರೆ ಬರೆಸ್ಕೊಳ್ಳಿ. ಅಮ್ಮ "ಒಳ್ಳೇ ಟೈಲ್ಸ್" ಅಂದಾಗ ಅಡಿಗೆ 80 ರೂಪಾಯಿದು ಅಂತ ಅವರ ಮನಸ್ಸಲ್ಲಿ, 45ರದ್ದು ಅಂತ ಮೇಸ್ತ್ರಿ ಮನಸ್ಸಲ್ಲಿ. ಇಬ್ಬರೂ ಸುಳ್ಳು ಹೇಳ್ತಿಲ್ಲ, ಆದ್ರೂ ಜಗಳ ಗ್ಯಾರಂಟಿ.

ಬರೆಯೋದ್ರಿಂದ ಅವರಿಗೂ ಲಾಭ. ಮಧ್ಯದಲ್ಲಿ "ಇಲ್ಲೊಂದು ಶೆಲ್ಫ್, ಅಲ್ಲೊಂದು ಪಾಯಿಂಟ್" ಅಂತ ಕೇಳೋದು ನಾವೇ, ಕೊನೇಲಿ "ಎಕ್ಸ್‌ಟ್ರಾ ಯಾಕೆ?" ಅಂತ ಕೂಗೋದೂ ನಾವೇ. ಪ್ರತಿ ಎಕ್ಸ್‌ಟ್ರಾ ಕೆಲಸಕ್ಕೂ ಮೊದಲೇ ವಾಟ್ಸಾಪ್‌ನಲ್ಲಿ ರೇಟ್ ಹಾಕಿಸಿ, "ಓಕೆ" ಅಂತ ಉತ್ತರ ಕೊಡಿ. ಅಷ್ಟು ಸಾಕು.

1872ರ ಕಾಂಟ್ರಾಕ್ಟ್ ಆಕ್ಟ್ ಪ್ರಕಾರ ಬಾಯಿಮಾತಿನ ಒಪ್ಪಂದನೂ ಒಪ್ಪಂದನೇ, ಆದ್ರೆ ಸಾಬೀತು ಮಾಡೋದು ಕಷ್ಟ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗಬಹುದು, ಕೊಟ್ಟ ದುಡ್ಡು 5 ಲಕ್ಷದೊಳಗಿದ್ರೆ ಶುಲ್ಕ ಇಲ್ಲ. ಸಹಾಯವಾಣಿ 1915. ಆದ್ರೆ ಅಲ್ಲೂ ಮೊದಲು ಕೇಳೋದು ಬಿಲ್ ಎಲ್ಲಿ, ಬರಹ ಎಲ್ಲಿ ಅಂತಾನೇ. ಕೇಸ್‌ಗಿಂತ ಬೇಗ ಕೆಲಸ ಮಾಡೋದು ನೀವು ಹಿಡಿದಿಟ್ಕೊಂಡ ಆ 10%.

ಅಪ್ಪ-ಅಮ್ಮನಿಗೆ ಈ ಮಾತು ಕೇಳೋಕೆ ಸಂಕೋಚ ಇರುತ್ತೆ. ನಮಗೆ ಆ ಸಂಕೋಚ ಬೇಡ. "ಅಂಕಲ್, ಕಾಲೇಜಲ್ಲಿ ಪ್ರಾಜೆಕ್ಟ್ ಥರ ನಾನೇ ಲೆಕ್ಕ ಇಡ್ತಿದ್ದೀನಿ, ಸ್ವಲ್ಪ ಬರೆದು ಕೊಡಿ" ಅಂತ ನಗುತ್ತಾ ಕೇಳಿ. ಒಳ್ಳೆ ಮೇಸ್ತ್ರಿ ಬರೆದು ಕೊಡ್ತಾರೆ.

ನಿಮ್ಮನೇಲಿ ಅಡ್ವಾನ್ಸ್ ಎಷ್ಟು ಪರ್ಸೆಂಟ್ ಕೊಟ್ಟಿದ್ರಿ? ಕಮೆಂಟ್‌ನಲ್ಲಿ ಹೇಳಿ, ಯಾರ ಹೆಸರೂ ಹಾಕ್ಬೇಡಿ. ಮನೆ ಕೆಲಸ ಶುರು ಮಾಡ್ತಿರೋ ಫ್ರೆಂಡ್‌ಗೆ ಇವತ್ತೇ ಕಳಿಸಿ.

#ಮನೆಕೆಲಸ #ಬಿಕಾಂಲೆಕ್ಕ #ಬರೆಸಿಕೊಳ್ಳಿ