ಹೆಪ್ಪು ಉಳಿದ ಮನೆ
ಈ ವಾರ ಹಳೇ ಲ್ಯಾಪ್‌ಟಾಪಿಗೆ ಡೆಬಿಯನ್ ಲಿನಕ್ಸ್ ಹಾಕಿದೆ. ಒಂದೇ ಸಾಲಿನ ಆದೇಶಕ್ಕೆ ‘ಚಾಕೊಲೇಟ್ ಡೂಮ್’ ಬಂದು ಕೂತಿತು. 1993ರ ಡೂಮ್ ಆಟವೇ, ಇಂದಿಗೂ ಅದೇ ವೇಗ! ಆಡುತ್ತ ಅಜ್ಜಿ ನೆನಪಾದರು; ಅವರು ಹೆಪ್ಪು ಕೇಳಿ ಬಂದವರನ್ನು ಬರಿಗೈಲಿ ಕಳಿಸುತ್ತಿರಲಿಲ್ಲ. ಒಮ್ಮೆ ನಮ್ಮ ಮೊಸರೇ ಕೆಟ್ಟಾಗ ಅದೇ ಹೆಪ್ಪು ಪಕ್ಕದ ಮನೆಯಿಂದ ಮರಳಿ ಬಂತು. ಡೂಮ್ ಕಥೆಯೂ ಹಾಗೆಯೇ. ಕಾಸು ಹುಟ್ಟದ ಕೆಲಸವೆಂದು ಗೊತ್ತಿದ್ದೂ, ಡೂಮ್ ರೂಪಿಸಿದ ಐಡಿ ಸಾಫ್ಟ್‌ವೇರಿನ ಡೇವ್ ಟೇಲರ್ 1994ರಲ್ಲಿ ಆಟವನ್ನು ಲಿನಕ್ಸಿಗೆ ಒಗ್ಗಿಸಿದ್ದರು, ಬರೀ ಪ್ರೀತಿಗೆ. 1997ರ ಡಿಸೆಂಬರಿನಲ್ಲಿ ಅದೇ ಸಂಸ್ಥೆಯ ಜಾನ್ ಕಾರ್ಮ್ಯಾಕ್ ಆಟದ ಮೂಲ ಸಂಕೇತವನ್ನು ಲೋಕಕ್ಕೆ ಕೊಡಲು ಹೊರಟಾಗ, ದುಡ್ಡು ತಂದ ಡಾಸ್ ಆವೃತ್ತಿಯನ್ನು ಕೊಡಲಾಗಲಿಲ್ಲ. ಅದರ ಧ್ವನಿಭಾಗದ ಹಕ್ಕು ಬೇರೆಯವರದಾಗಿತ್ತು. ಕೊಟ್ಟದ್ದು ಲಿನಕ್ಸಿನದನ್ನೇ.